ಜಿಮ್ ಮಷಿನ್ ತೋರಿಸುವ ಕ್ಯಾಲರಿ: ಯಾವುದನ್ನು ಎಷ್ಟು ನಂಬಬಹುದು?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪೆಡಲಿಗೆ ಹಾಕಿದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸೈಕಲ್ ಮತ್ತು ಒಳ್ಳೆಯ ರೋಯಿಂಗ್ ಮಷಿನ್, ಇವೆರಡರ ಕ್ಯಾಲರಿ ಲೆಕ್ಕವನ್ನು ಹೆಚ್ಚೂಕಮ್ಮಿ ನಂಬಬಹುದು. ಟ್ರೆಡ್‌ಮಿಲ್ ನಡುವಿನದು. ತೂಕ ಸರಿಯಾಗಿ ಹಾಕಿ, ಕಂಬಿ ಹಿಡಿಯದೆ ನಡೆದರೆ ಪರವಾಗಿಲ್ಲ. ಕ್ರಾಸ್ ಟ್ರೈನರ್, ಅಂದರೆ ನಿಂತುಕೊಂಡು ಪೆಡಲು ತುಳಿಯುತ್ತಾ ಹಿಡಿಕೆ ಆಡಿಸುವ ಯಂತ್ರ, ತೋರಿಸುವ ಅಂಕಿ ನೋಡಿ ಖುಷಿಪಡಿ, ಲೆಕ್ಕಕ್ಕೆ ಹಿಡಿಯಬೇಡಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚು ಎದೆಬಡಿತಕ್ಕೆ ಚೆನ್ನಾಗಿದೆ, ಕ್ಯಾಲರಿಗೆ ಅಷ್ಟಕ್ಕಷ್ಟೇ.

ಮುಂಬೈಯಲ್ಲಿ ಈ ಚರ್ಚೆ ಜೋರಾಗುವುದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಶಿವಾಜಿ ಪಾರ್ಕಿನ ಸುತ್ತು, ಮಾಟುಂಗಾದ ಫೈವ್ ಗಾರ್ಡನ್ಸ್, ಠಾಣೆಯ ತಲಾವ್ ಪಾಳಿ ಎಲ್ಲ ಕೆಸರು, ಕೊಡೆ, ಜಾರಿಕೆ. ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದವರೆಲ್ಲ ಸೊಸೈಟಿಯ ಜಿಮ್ಮಿಗೆ ಬರುತ್ತಾರೆ. ನಮ್ಮ ಮುಲುಂಡಿನ ಕಟ್ಟಡದಲ್ಲಿ ಜಿಮ್ ಎಂದರೆ ಪಾರ್ಕಿಂಗ್ ಪಕ್ಕದ ಒಂದು ಕೋಣೆ. ಅದರೊಳಗೆ ಒಂದು ಟ್ರೆಡ್‌ಮಿಲ್, ಒಂದು ಕ್ರಾಸ್ ಟ್ರೈನರ್, ಸೀಟಿಗೆ ಟೇಪ್ ಸುತ್ತಿದ ಒಂದು ಸೈಕಲ್, ಗೋಡೆಗೆ ಒಂದು ಫ್ಯಾನು. ಮೂರನೇ ಮಹಡಿಯ ಶೆಟ್ರು ಕ್ರಾಸ್ ಟ್ರೈನರಿನಿಂದ ಇಳಿದು ಮುಖ ಒರೆಸಿಕೊಳ್ಳುತ್ತಾ, ‘ನಾನೂರು ಆಯ್ತು ಮಾರಾಯ್ರೆ, ಇನ್ನು ಮಾಟುಂಗಾಕ್ಕೆ ಹೋಗಿ ಒಂದು ಮಸಾಲೆ ದೋಸೆ ತಿಂದ್ರೂ ಲೆಕ್ಕ ಚುಕ್ತಾ’ ಅನ್ನುತ್ತಾರೆ. ಅದೇ ಹೊತ್ತಿಗೆ ಟ್ರೆಡ್‌ಮಿಲ್ ಮೇಲಿದ್ದ ಧಾರವಾಡದ ಅಕ್ಕ, ‘ಅಲ್ರೀ ಶೆಟ್ರ, ನಾನೂ ಅರ್ಧಾ ತಾಸು ನಡದೇನಿ. ನಂದು ನೂರಾ ಮೂವತ್ತೂ ಆಗಿಲ್ಲ. ನಿಮಗ ನಾನೂರು ಹ್ಯಾಂಗ ಬಂತು?’ ಎಂದು ಕೇಳುತ್ತಾರೆ.

ಅಕ್ಕನ ಪ್ರಶ್ನೆ ನ್ಯಾಯವಾದದ್ದು. ಅರ್ಧ ಗಂಟೆಯ ಬೆವರಿಗೆ ಎರಡು ಮಷಿನ್ ಎರಡು ಲೆಕ್ಕ ಕೊಟ್ಟರೆ ಯಾವುದನ್ನು ನಂಬಬೇಕು?

ಮಷಿನ್ನಿಗೆ ಗೊತ್ತಿರುವುದೇನು?

ದೇಹ ಎಷ್ಟು ಕ್ಯಾಲರಿ ಖರ್ಚು ಮಾಡಿತು ಅಂತ ಸರಿಯಾಗಿ ತಿಳಿಯಬೇಕೆಂದರೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಬೇಕು. ಉಸಿರಿನಲ್ಲಿ ಎಷ್ಟು ಆಮ್ಲಜನಕ ಬಳಕೆಯಾಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಅಳೆಯಬೇಕು. ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲರಿ ಖರ್ಚು ಎಂಬುದು ಲೆಕ್ಕ. ಕ್ರೀಡಾಪಟುಗಳನ್ನು ಪರೀಕ್ಷಿಸುವ ಲ್ಯಾಬುಗಳಲ್ಲಿ ಈ ಸಲಕರಣೆ ಇರುತ್ತದೆ. ಸೊಸೈಟಿ ಜಿಮ್ಮಿನಲ್ಲಿ ಇರುವುದಿಲ್ಲ.

ಹಾಗಾದರೆ ಜಿಮ್ಮಿನ ಯಂತ್ರ ಏನು ಮಾಡುತ್ತದೆ? ತನಗೆ ಗೊತ್ತಿರುವ ಒಂದೆರಡು ಸಂಗತಿ ಹಿಡಿದುಕೊಂಡು ಉಳಿದದ್ದನ್ನು ಸೂತ್ರದಿಂದ ಊಹಿಸುತ್ತದೆ. ಟ್ರೆಡ್‌ಮಿಲ್ಲಿಗೆ ಬೆಲ್ಟಿನ ವೇಗ ಗೊತ್ತು, ಏರು ಗೊತ್ತು, ನೀವು ಒತ್ತಿದ ತೂಕ ಗೊತ್ತು. ಒಳ್ಳೆಯ ಸೈಕಲ್ಲಿಗೆ ನೀವು ಪೆಡಲಿಗೆ ಹಾಕಿದ ಶಕ್ತಿಯೇ ಗೊತ್ತು. ಅಗ್ಗದ ಸೈಕಲ್ಲಿಗೆ ಪೆಡಲು ಎಷ್ಟು ಸುತ್ತು ತಿರುಗಿತು ಅನ್ನುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಕೊಂಡುಕೊಳ್ಳುವಾಗಲೂ ಬಳಸುವಾಗಲೂ ಕೇಳಬೇಕಾದ್ದು ಇದೊಂದೇ: ಈ ಯಂತ್ರ ಏನನ್ನು ಅಳೆಯುತ್ತದೆ, ಏನನ್ನು ಊಹಿಸುತ್ತದೆ? ಪರದೆ ಎಷ್ಟು ದೊಡ್ಡದು, ಬಣ್ಣ ಎಷ್ಟು ಚೆಂದ ಅನ್ನುವುದಕ್ಕೂ ಲೆಕ್ಕದ ನಿಖರತೆಗೂ ಏನೇನೂ ಸಂಬಂಧವಿಲ್ಲ.

ಟ್ರೆಡ್‌ಮಿಲ್

ಟ್ರೆಡ್‌ಮಿಲ್ಲಿಗೆ ಒಂದು ಅನುಕೂಲ ಇದೆ. ನಡಿಗೆ ಮತ್ತು ಓಟದ ಬಗ್ಗೆ ಹಲವು ದಶಕಗಳಿಂದ ಅಳತೆ ನಡೆದಿದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಸೂತ್ರ ಇದಕ್ಕೆ ಹೆಸರುವಾಸಿ. ಸಮತಟ್ಟಿನಲ್ಲಿ ನಡೆಯುವಾಗ ನಿಮಿಷಕ್ಕೆ ಎಷ್ಟು ಮೀಟರ್ ಹೋಗುತ್ತೀರೋ ಅದರ ಹತ್ತನೇ ಒಂದು ಭಾಗ ತೆಗೆದುಕೊಳ್ಳಿ, ಅದಕ್ಕೆ 3.5 ಸೇರಿಸಿ. ದೇಹದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಆಮ್ಲಜನಕ ಬೇಕು. ಆ 3.5 ಎನ್ನುವುದು ಸುಮ್ನೆ ಕೂತಿದ್ದರೂ ಆಗುವ ಖರ್ಚು.

ಅಕ್ಕನ ಲೆಕ್ಕವನ್ನೇ ಹಾಕೋಣ. ತೂಕ 58 ಕೆ.ಜಿ. ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 5.5 ಕಿ.ಮೀ., ಅರ್ಧ ಗಂಟೆ, ಏರು ಇಲ್ಲ. ಸೂತ್ರದ ಪ್ರಕಾರ ಒಟ್ಟು ಖರ್ಚು ಸುಮಾರು 110 ಕ್ಯಾಲರಿ. ಆದರೆ ಪರದೆ ತೋರಿಸಿದ್ದು 129. ಯಾಕೆಂದರೆ ಅಕ್ಕ ತೂಕ ಹಾಕಲೇ ಇಲ್ಲ. ‘ಕ್ವಿಕ್ ಸ್ಟಾರ್ಟ್’ ಒತ್ತಿ ನಡೆಯಲು ಶುರು ಮಾಡಿದರು. ತೂಕ ಕೊಡದಿದ್ದರೆ ಯಂತ್ರ ತನ್ನೊಳಗೆ ಮೊದಲೇ ತುಂಬಿದ ತೂಕವನ್ನು ಹಿಡಿಯುತ್ತದೆ. ಎಷ್ಟೋ ಮಷಿನ್‌ಗಳಲ್ಲಿ ಅದು 150 ಪೌಂಡು, ಅಂದರೆ 68 ಕೆ.ಜಿ. ಹತ್ತು ಕೆ.ಜಿ. ಬೇರೆ ಯಾರದೋ ತೂಕ ಅಕ್ಕನ ಲೆಕ್ಕಕ್ಕೆ ಸೇರಿತು. ಅವರಿಗಿಂತ ದಪ್ಪಗಿರುವವರಿಗೆ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ. 85 ಕೆ.ಜಿ. ಇರುವವರಿಗೆ ಯಂತ್ರ ಕಡಿಮೆ ತೋರಿಸುತ್ತದೆ.

ಇನ್ನೂ ಒಂದು ಪದರ ಇದೆ, ಬಹಳ ಜನ ಇದನ್ನು ನೋಡುವುದಿಲ್ಲ. ಆ 110ರಲ್ಲಿ 30 ಕ್ಯಾಲರಿ ಅಕ್ಕ ಮನೆಯಲ್ಲಿ ಸೋಫಾ ಮೇಲೆ ಕೂತು ಧಾರಾವಾಹಿ ನೋಡಿದ್ದರೂ ಖರ್ಚಾಗುತ್ತಿತ್ತು. ಅಂದರೆ ನಡೆದದ್ದಕ್ಕೇ ಸಿಕ್ಕಿದ್ದು 80. ಪರದೆಯ 129 ಎಲ್ಲಿ, ಈ 80 ಎಲ್ಲಿ! ಮಷಿನ್ ಸುಳ್ಳು ಹೇಳಿತು ಅಂತಲ್ಲ. ಹೆಚ್ಚಿನವು ಕೂತಾಗಿನ ಖರ್ಚನ್ನೂ ಸೇರಿಸಿಯೇ ತೋರಿಸುತ್ತವೆ, ಪರದೆಯಲ್ಲಿ ಹಾಗಂತ ಬರೆದಿರುವುದಿಲ್ಲ ಅಷ್ಟೇ.

ಇಷ್ಟೆಲ್ಲ ಗುಣಾಕಾರ ಬೇಡ ಅನ್ನುವವರಿಗೆ ಇದೇ ಸೂತ್ರದಿಂದ ಬರುವ ಒಂದು ಸುಲಭದ ಲೆಕ್ಕ ಇಲ್ಲಿದೆ. ಸಮತಟ್ಟಿನಲ್ಲಿ ಒಂದು ಕಿ.ಮೀ. ನಡೆದರೆ ನಿಮ್ಮ ತೂಕದ ಅರ್ಧದಷ್ಟು ಕ್ಯಾಲರಿ. ಒಂದು ಕಿ.ಮೀ. ಓಡಿದರೆ ತೂಕದಷ್ಟೇ ಕ್ಯಾಲರಿ. ಇದರಲ್ಲಿ ಕೂತಾಗಿನ ಖರ್ಚು ಸೇರಿಲ್ಲ. 58 ಕೆ.ಜಿ.ಯವರು ಒಂದು ಕಿ.ಮೀ. ನಡೆದರೆ 29, ಓಡಿದರೆ 58. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತಳತೆ 1.17 ಕಿ.ಮೀ., ಹಾಗಾಗಿ ಒಂದು ಸುತ್ತಿಗೆ ಅವರಿಗೆ 34. ಮರೈನ್ ಡ್ರೈವಿನ ಸುಮಾರು 3.6 ಕಿ.ಮೀ. ಈ ತುದಿಯಿಂದ ಆ ತುದಿಗೆ ನಡೆದರೆ 104. ಮೊಬೈಲ್ ಬೇಡ, ವಾಚು ಬೇಡ, ದೂರ ಗೊತ್ತಿದ್ದರೆ ಸಾಕು. ನನ್ನ ಮಟ್ಟಿಗೆ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಮೀಟರ್ ಇಲ್ಲ.

ಒಂದು ಎಚ್ಚರ. ನಡಿಗೆಯ ಸೂತ್ರ ಗಂಟೆಗೆ 3ರಿಂದ 6 ಕಿ.ಮೀ. ತನಕ ಚೆನ್ನಾಗಿ ಹೊಂದುತ್ತದೆ. ಓಟದ್ದು 8 ದಾಟಿದ ಮೇಲೆ. ನಡುವೆ, ಆರೂವರೆ ಏಳರಲ್ಲಿ, ಅತ್ತ ನಡಿಗೆಯೂ ಅಲ್ಲದ ಇತ್ತ ಓಟವೂ ಅಲ್ಲದ ಕುಲುಕಾಟ ಇರುತ್ತದಲ್ಲ, ಅಲ್ಲಿ ಎರಡೂ ಸೂತ್ರ ಸರಿಯಾಗಿ ಕೂರುವುದಿಲ್ಲ. ನಮ್ಮ ಜಿಮ್ಮಿನ ಅರ್ಧ ಜನ ಓಡುವುದು ಅದೇ ವೇಗದಲ್ಲಿ.

ಕಂಬಿಯ ವಿಷಯಕ್ಕೆ ಬರೋಣ. ಏರು ಹಾಕಿದರೆ ಖರ್ಚು ಜಾಸ್ತಿ, ಇದು ನಿಜ. ಅಕ್ಕ ಅದೇ ವೇಗದಲ್ಲಿ 5 ಪರ್ಸೆಂಟ್ ಏರು ಹಾಕಿದರೆ ನಡಿಗೆಯ ಖರ್ಚು 80ರಿಂದ 150ರ ಆಸುಪಾಸಿಗೆ ಹೋಗುತ್ತದೆ, ಹತ್ತಿರ ಹತ್ತಿರ ಎರಡರಷ್ಟು. ಇದನ್ನು ಕೇಳಿದವರು 10, 12 ಅಂತ ಏರು ಹಾಕಿ, ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೈಯನ್ನು ಹಿಂದಕ್ಕೆ ಬಿಟ್ಟು ನೇತಾಡುತ್ತಾ ನಡೆಯುತ್ತಾರೆ. ಮೈ ಹಿಂದಕ್ಕೆ ವಾಲಿದಾಗ ಬೆಲ್ಟಿಗೂ ಮೈಗೂ ಇರುವ ಕೋನ ಸಮತಟ್ಟಿನಲ್ಲಿ ನಿಂತ ಹಾಗೇ ಆಗುತ್ತದೆ. ಏರಿನ ಕಷ್ಟದಲ್ಲಿ ಬಹುಪಾಲು ತೋಳಿಗೆ ಹೋಯಿತು, ಕಾಲಿಗೆ ಉಳಿದದ್ದು ಸ್ವಲ್ಪ. ಆದರೆ ಮಷಿನ್ನಿಗೆ ಅದು ಕಾಣುವುದಿಲ್ಲ. ಅದು 12 ಪರ್ಸೆಂಟಿನ ಪೂರ್ತಿ ಕ್ಯಾಲರಿ ಬರೆದುಕೊಳ್ಳುತ್ತಲೇ ಇರುತ್ತದೆ. ವಯಸ್ಸಾದವರು, ಬ್ಯಾಲೆನ್ಸ್ ಇಲ್ಲದವರು ಕಂಬಿ ಹಿಡಿಯಲೇಬೇಕು, ಅದರಲ್ಲಿ ತಪ್ಪಿಲ್ಲ. ಅವರು ಪರದೆಯ ಅಂಕಿಯನ್ನು ಮರೆತರಾಯಿತು.

ಬೆಲ್ಟಿನ ವೇಗವೇ ತಪ್ಪಾಗಿದ್ದರೆ? ಹಳೆಯ ಮಷಿನ್ನಿನಲ್ಲಿ ಇದು ಆಗುತ್ತದೆ. ಪರೀಕ್ಷೆ ಮಾಡುವುದು ಕಷ್ಟವಲ್ಲ. ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು, ಬೆಲ್ಟನ್ನು ಕೈಯಿಂದ ಸರಿಸುತ್ತಾ ಅದರ ಪೂರ್ತಿ ಉದ್ದ ಅಳೆಯಿರಿ. ಅಂಚಿನಲ್ಲಿ ಬಿಳಿ ಟೇಪಿನ ಒಂದು ತುಂಡು ಅಂಟಿಸಿ. ಈಗ ಆನ್ ಮಾಡಿ ಗಂಟೆಗೆ 6 ಕಿ.ಮೀ. ಇಡಿ. ಒಬ್ಬರು ನಡೆಯಲಿ, ಇನ್ನೊಬ್ಬರು ಒಂದು ನಿಮಿಷದಲ್ಲಿ ಟೇಪು ಎಷ್ಟು ಸಲ ಬಂತು ಎಣಿಸಲಿ. ಗಂಟೆಗೆ 6 ಕಿ.ಮೀ. ಅಂದರೆ ನಿಮಿಷಕ್ಕೆ 100 ಮೀಟರ್. ಬೆಲ್ಟಿನ ಉದ್ದ 2.8 ಮೀಟರ್ ಇದ್ದರೆ ಸುಮಾರು 36 ಸಲ ಬರಬೇಕು. 33 ಸಲ ಬಂದರೆ ನಿಜವಾದ ವೇಗ ಐದೂವರೆ ಮಾತ್ರ. ಖಾಲಿ ಬೆಲ್ಟಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಮೋಟರ್ ಸೋತಿದ್ದರೆ ಮೇಲೆ ಭಾರ ಬಿದ್ದಾಗಲೇ ಬೆಲ್ಟು ನಿಧಾನವಾಗುವುದು.

ಸೈಕಲ್: ಒಂದೇ ಹೆಸರಿನಲ್ಲಿ ಎರಡು ಜಾತಿ

ಸೈಕಲ್ಲಿನಲ್ಲಿ ಕೂತು ತುಳಿಯುವುದರಿಂದ ದೇಹದ ತೂಕ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಪೆಡಲಿಗೆ ಎಷ್ಟು ಶಕ್ತಿ ಹಾಕಿದಿರಿ ಅನ್ನುವುದೇ ಮುಖ್ಯ. ಆ ಶಕ್ತಿಯನ್ನು ನೇರವಾಗಿ ಅಳೆದು ವ್ಯಾಟ್‌ನಲ್ಲಿ ತೋರಿಸುವ ಸೈಕಲ್ ಸಿಕ್ಕಿದರೆ ಅದೇ ಎಲ್ಲಕ್ಕಿಂತ ನಂಬಿಕಸ್ಥ.

ಲೆಕ್ಕವೂ ಸಲೀಸು. ಸರಾಸರಿ ವ್ಯಾಟನ್ನು ನಿಮಿಷದಿಂದ ಗುಣಿಸಿ, ಮತ್ತೆ 0.06ರಿಂದ ಗುಣಿಸಿ. ಬರುವುದು ಕಿಲೋಜೂಲ್. ಆ ಸಂಖ್ಯೆಯನ್ನೇ ಕ್ಯಾಲರಿ ಎಂದು ಓದಿಕೊಳ್ಳಿ. ಇದು ಹೇಗೆ ಅಂತೀರಾ? ಒಂದು ಕ್ಯಾಲರಿಯಲ್ಲಿ 4.184 ಕಿಲೋಜೂಲ್ ಇದೆ, ಸರಿ. ಆದರೆ ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ 20ರಿಂದ 25 ಪರ್ಸೆಂಟ್ ಮಾತ್ರ ಪೆಡಲಿಗೆ ತಲುಪುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ನಾಲ್ಕರಿಂದ ಭಾಗಿಸುವುದು, ನಾಲ್ಕರಿಂದ ಗುಣಿಸುವುದು, ಎರಡೂ ಒಂದಕ್ಕೊಂದು ವಜಾ. 90 ವ್ಯಾಟಿನಲ್ಲಿ ಅರ್ಧ ಗಂಟೆ ತುಳಿದರೆ 162 ಕಿಲೋಜೂಲ್, ಅಂದರೆ ಸುಮಾರು 162 ಕ್ಯಾಲರಿ. ನಿಮ್ಮ ದೇಹ ಎಷ್ಟು ಸಮರ್ಥ ಎಂಬುದರ ಮೇಲೆ ಇದು 155ರಿಂದ 194ರ ಒಳಗೆ ಎಲ್ಲಾದರೂ ಇರಬಹುದು. ಬೇರೆ ಯಾವ ಮಷಿನ್ನಿಗೂ ಇಷ್ಟು ಚಿಕ್ಕ ಅಂತರದಲ್ಲಿ ಉತ್ತರ ಕೊಡಲು ಸುಲಭವಿಲ್ಲ.

ಇನ್ನೊಂದು ಜಾತಿ ನಮ್ಮ ಸೊಸೈಟಿಯಲ್ಲಿರುವಂಥದ್ದು. ಭಾರವಾದ ಚಕ್ರ, ಬಿಗಿ ಮಾಡಲು ಒಂದು ಗುಬುಟು, ಮೇಲೆ ಸಣ್ಣ ಪರದೆ. ಇದು ಮೀಟರ್ ಹಾಕದ ರಿಕ್ಷಾದ ಹಾಗೆ, ಕೇಳಿದರೆ ಒಂದು ರೇಟು ಹೇಳುತ್ತದೆ, ಎಲ್ಲಿಂದ ಬಂತೆಂದು ಕೇಳಬಾರದು. ಗುಬುಟನ್ನು ಪೂರ್ತಿ ಸಡಿಲ ಬಿಟ್ಟು ಐದು ನಿಮಿಷ ತುಳಿಯಿರಿ. ಪರದೆಯ ಕ್ಯಾಲರಿ ಬರೆದುಕೊಳ್ಳಿ. ಆಮೇಲೆ ತೊಡೆ ಉರಿಯುವಷ್ಟು ಬಿಗಿ ಮಾಡಿ, ಅದೇ ವೇಗದಲ್ಲಿ ಮತ್ತೆ ಐದು ನಿಮಿಷ. ಎರಡೂ ಸಲ ಒಂದೇ ಅಂಕಿ ಬಂದರೆ ಆ ಪರದೆ ಸುತ್ತು ಎಣಿಸುತ್ತಿದೆ, ನಿಮ್ಮ ಶ್ರಮವನ್ನಲ್ಲ. ನಮ್ಮದರಲ್ಲಿ ಒಂದೇ ಬಂತು. ಅಂಥ ಸೈಕಲ್ಲಿನಲ್ಲಿ ಕ್ಯಾಲರಿ ಕಾಣುವ ಜಾಗಕ್ಕೆ ಟೇಪ್ ಅಂಟಿಸಿದರೂ ನಷ್ಟವಿಲ್ಲ, ವ್ಯಾಯಾಮಕ್ಕೆ ಮಾತ್ರ ಅದು ಚೆನ್ನಾಗಿಯೇ ಇದೆ.

ರೋಯಿಂಗ್ ಮಷಿನ್

ಹುಟ್ಟು ಹಾಕುವ ಈ ಯಂತ್ರ ನಮ್ಮ ಸೊಸೈಟಿಗಳಲ್ಲಿ ಅಪರೂಪ. ಉದ್ದ ಜಾಗ ಬೇಕು, ಕಲಿಯಲೂ ಬೇಕು. ಆದರೆ ದೊಡ್ಡ ಜಿಮ್ಮುಗಳಲ್ಲಿ ಕಾಣುವ ಕಾನ್ಸೆಪ್ಟ್2 ಕಂಪನಿಯ ಯಂತ್ರಕ್ಕೆ ಒಂದು ಒಳ್ಳೆಯ ಗುಣ ಇದೆ. ಕ್ಯಾಲರಿ ಹೇಗೆ ಲೆಕ್ಕ ಹಾಕುತ್ತೇವೆ ಅನ್ನುವುದನ್ನು ಆ ಕಂಪನಿ ಮುಚ್ಚಿಟ್ಟಿಲ್ಲ. ಚಕ್ರದ ವೇಗ ನೋಡಿ ವ್ಯಾಟ್ ತಿಳಿಯುತ್ತದೆ. ಅದಕ್ಕೆ ನಾಲ್ಕರಷ್ಟು ದೇಹದ ಖರ್ಚು ಹಿಡಿಯುತ್ತದೆ. ಮೇಲೆ ಗಂಟೆಗೆ 300 ಕ್ಯಾಲರಿ ಕೂಡಿಸುತ್ತದೆ.

ಆ 300 ಎಲ್ಲರಿಗೂ ಒಂದೇ. ಅದು 175 ಪೌಂಡು, ಅಂದರೆ ಸುಮಾರು 79 ಕೆ.ಜಿ. ತೂಕದವರಿಗೆ ಹಿಡಿದ ಲೆಕ್ಕ. ಯಂತ್ರ ನಿಮ್ಮ ತೂಕ ಕೇಳುವುದೇ ಇಲ್ಲ. ನೀವೇ ಸರಿ ಮಾಡಿಕೊಳ್ಳಬಹುದು: 300ರ ಬದಲು ನಿಮ್ಮ ತೂಕದ 3.78 ಪಟ್ಟು. 58 ಕೆ.ಜಿ.ಯವರಿಗೆ ಅದು 219. 100 ವ್ಯಾಟಿನಲ್ಲಿ ಅರ್ಧ ಗಂಟೆ ಎಳೆದರೆ ಪರದೆ 322 ತೋರಿಸುತ್ತದೆ, ಸರಿಪಡಿಸಿದ ಮೇಲೆ 282. ವ್ಯತ್ಯಾಸ ಇದೆ, ಆದರೆ ಎಷ್ಟಿದೆ, ಯಾಕಿದೆ ಎರಡೂ ನಮಗೆ ಗೊತ್ತು. ತಪ್ಪು ಇದ್ದರೂ ಲೆಕ್ಕ ತೆರೆದಿಟ್ಟರೆ ನನಗೆ ಸಿಟ್ಟು ಬರುವುದಿಲ್ಲ.

ಕ್ರಾಸ್ ಟ್ರೈನರ್

ಶೆಟ್ರಿಗೆ ಬೇಸರವಾಗಬಹುದು, ಆದರೆ ಹೇಳಲೇಬೇಕು. ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕಾಗಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಇಂಥ ಯಂತ್ರಗಳನ್ನು ಮಾಸ್ಕ್ ಹಾಕಿ ಪರೀಕ್ಷಿಸಿದ್ದರು. ಸೈಕಲ್ 7 ಪರ್ಸೆಂಟ್ ಜಾಸ್ತಿ ತೋರಿಸಿತು. ಸ್ಟೇರ್ ಕ್ಲೈಂಬರ್ 12, ಟ್ರೆಡ್‌ಮಿಲ್ 13. ಕ್ರಾಸ್ ಟ್ರೈನರ್ 42. ಟಿವಿಗಾಗಿ ಮಾಡಿದ ಸಣ್ಣ ಪರೀಕ್ಷೆ, ಅದನ್ನೇ ವೇದವಾಕ್ಯ ಮಾಡಬೇಕಾಗಿಲ್ಲ. ನಿಮ್ಮ ಜಿಮ್ಮಿನದು 20 ಇರಬಹುದು, 50 ಇರಬಹುದು. ಆದರೆ ಕ್ರಾಸ್ ಟ್ರೈನರ್ ಇಷ್ಟು ಹಿಂದೆ ಬಿದ್ದದ್ದಕ್ಕೆ ಕಾರಣ ಇದೆ.

ನಡಿಗೆಗೆ ಇರುವ ಹಾಗೆ ಎಲ್ಲರೂ ಒಪ್ಪಿದ ಸೂತ್ರ ಇದಕ್ಕಿಲ್ಲ. ಒಂದು ಕಂಪನಿಯ ಹೆಜ್ಜೆ ಉದ್ದ, ಇನ್ನೊಂದರದ್ದು ಗಿಡ್ಡ. ಒಂದರಲ್ಲಿ ಚಕ್ರ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದು ಮಷಿನ್ನಿಗೆ ಹೊಂದುವ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಕಾಲು ಪೆಡಲಿನಿಂದ ಎತ್ತುವ ಹಾಗೇ ಇಲ್ಲ, ಹಾಗಾಗಿ ಮೈಭಾರ ಯಂತ್ರವೇ ಹೊರುತ್ತದೆ. ಒಮ್ಮೆ ವೇಗ ಹಿಡಿದ ಮೇಲೆ ಭಾರದ ಚಕ್ರ ತನ್ನ ಓಟದಲ್ಲೇ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಆಡುವ ಹಿಡಿಕೆಗಳ ವಿಷಯವಂತೂ ಕೇಳಲೇಬೇಡಿ. ನೀವು ಅದನ್ನು ತಳ್ಳುತ್ತಿದ್ದೀರೋ, ಇಲ್ಲ ಅದು ನಿಮ್ಮ ಕೈಯನ್ನು ಆಡಿಸುತ್ತಿದೆಯೋ, ಮಷಿನ್ನಿಗೆ ತಿಳಿಯುವ ದಾರಿಯೇ ಇಲ್ಲ. ಶೆಟ್ರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಊರಿನ ಭೂಮಿ ವ್ಯವಹಾರ ಮಾತಾಡುತ್ತಿದ್ದರೂ ಪರದೆ ಎರಡೂ ಕೈಯ ಕ್ಯಾಲರಿ ಕೊಡುತ್ತದೆ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಅಲ್ವಾ?

ಮಂಡಿ ನೋವಿರುವವರಿಗೆ ಇದು ಒಳ್ಳೆಯ ಯಂತ್ರ, ಬಿಡಬೇಕಾಗಿಲ್ಲ. ನಿನ್ನೆಗಿಂತ ಇವತ್ತು ಜಾಸ್ತಿ ಮಾಡಿದೆನಾ ಎಂದು ನೋಡಲು, ಅದೇ ಮಷಿನ್ನಿನಲ್ಲಿ, ಅದೇ ಲೆವೆಲ್ಲಿನಲ್ಲಿ, ಆ ಅಂಕಿ ಸಾಕು. ತಪ್ಪು ಇದ್ದರೂ ದಿನಾ ಒಂದೇ ಥರ ತಪ್ಪುತ್ತದೆ. ಅದನ್ನು ಟ್ರೆಡ್‌ಮಿಲ್ ಜೊತೆಗೋ, ತಟ್ಟೆಯಲ್ಲಿರುವ ದೋಸೆ ಜೊತೆಗೋ ತೂಗಬೇಡಿ.

ಮೆಟ್ಟಿಲು

ಇದನ್ನು ಬೇಗ ಮುಗಿಸುತ್ತೇನೆ. ಸ್ಟೇರ್ ಕ್ಲೈಂಬರ್ ಲೆಕ್ಕ ಪರವಾಗಿಲ್ಲ, ಕಂಬಿಗೆ ಮೊಣಕೈ ಊರಿ ಬಾಗದಿದ್ದರೆ ಮಾತ್ರ. ಮೆಟ್ಟಿಲಿಗೆ ಜಿಮ್ಮೇ ಬೇಕಾ ಅಂತ ಕೇಳಿದರೆ, ದಾದರ್ ಸ್ಟೇಷನ್ನಿನ ಬ್ರಿಜ್ ದಿನಾ ಹತ್ತಿ ಇಳಿಯುವವರಿಗೆ ಬೇಡ. ಲೆಕ್ಕ ಮಾತ್ರ ಸ್ವಲ್ಪ ನಿರಾಸೆ ಮಾಡುತ್ತದೆ. 58 ಕೆ.ಜಿ.ಯವರು ಮೂರು ಮೀಟರಿನ ಒಂದು ಮಹಡಿ ಹತ್ತಿದರೆ ಸುಮಾರು 1.6 ಕ್ಯಾಲರಿ. ಹತ್ತು ಮಹಡಿಗೆ 16, ಅಂದರೆ ಚಹಾಕ್ಕೆ ಹಾಕುವ ಒಂದು ಸಣ್ಣ ಚಮಚ ಸಕ್ಕರೆ. ಎದೆಗೂ ಕಾಲಿಗೂ ಆಗುವ ಲಾಭ ಇದರಲ್ಲಿ ಸೇರಿಲ್ಲ, ಹಾಗಾಗಿ ಲಿಫ್ಟ್ ಕೆಟ್ಟಾಗ ಗೊಣಗುವುದು ಬೇಡ.

ವಾಚು ಮತ್ತು ಆ್ಯಪು

ಮಷಿನ್ ಬೇಡ, ನನ್ನ ವಾಚೇ ಹೇಳುತ್ತದೆ ಅನ್ನುವವರು ಈಗ ಬಹಳ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಬಗೆಯ ವಾಚುಗಳನ್ನು ಕಟ್ಟಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ ನೋಡಿದರು. ಏಳರಲ್ಲಿ ಆರು ವಾಚು ಎದೆಬಡಿತವನ್ನು 5 ಪರ್ಸೆಂಟಿನ ಒಳಗೆ ಸರಿಯಾಗಿ ಹೇಳಿದವು. ಕ್ಯಾಲರಿಯಲ್ಲಿ? ಎಲ್ಲಕ್ಕಿಂತ ಚೆನ್ನಾಗಿದ್ದ ವಾಚೇ ಸರಾಸರಿ 27 ಪರ್ಸೆಂಟ್ ತಪ್ಪಿತು. ಎಲ್ಲಕ್ಕಿಂತ ಕೆಟ್ಟದ್ದು 93. ಆಮೇಲೆ ವಾಚುಗಳು ಸುಧಾರಿಸಿವೆ, ಆದರೆ ಮೂಲದ ತೊಂದರೆ ಹಾಗೇ ಇದೆ. ಎದೆಬಡಿತದಿಂದ ಕ್ಯಾಲರಿಗೆ ಹೋಗುವ ದಾರಿ ಒಬ್ಬೊಬ್ಬರಿಗೆ ಒಂದೊಂದು ಥರ.

ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದಾಗಲೂ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ. ಸೆಖೆಗೆ, ಕಾಫಿಗೆ, ಬಾಸಿನ ಫೋನಿಗೂ ಹೊಡೆದುಕೊಳ್ಳುತ್ತದೆ. ಅದು ವ್ಯಾಯಾಮವಲ್ಲ. ಉಲ್ಟಾ ಪ್ರಸಂಗವೂ ಇದೆ. ಬಿ.ಪಿ.ಗೆ ಅಥವಾ ಹೃದಯದ ತೊಂದರೆಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಎಷ್ಟು ಕಷ್ಟಪಟ್ಟರೂ ಅಷ್ಟಾಗಿ ಏರುವುದಿಲ್ಲ. ವಾಚು ಅವರಿಗೆ ಕಡಿಮೆ ಕ್ಯಾಲರಿ ತೋರಿಸುತ್ತದೆ. ನಮ್ಮ ಜಿಮ್ಮಿಗೆ ಬರುವ ಅಜ್ಜಂದಿರಲ್ಲಿ ಇಂಥವರು ಸುಮಾರು ಜನ. ‘ವಾಚಿನಲ್ಲಿ ಏನೂ ಬರ್ತಿಲ್ಲ’ ಎಂದು ಇನ್ನೂ ಜೋರಾಗಿ ಓಡಲು ಹೋಗಬೇಡಿ. ಎಷ್ಟು ಜೋರು ಮಾಡಬಹುದೆಂದು ಡಾಕ್ಟರನ್ನೇ ಕೇಳಿ.

ಆ್ಯಪುಗಳಲ್ಲಿ ಹೆಚ್ಚಿನವು ಬಳಸುವುದು ಮೆಟ್ ಎಂಬ ಅಳತೆ. ಸುಮ್ನೆ ಕೂತಾಗಿನ ಖರ್ಚು 1 ಮೆಟ್, ಅಂದರೆ ಕೆ.ಜಿ.ಗೆ ಗಂಟೆಗೆ ಒಂದು ಕ್ಯಾಲರಿ ಎಂದು ಹಿಡಿದು, ಪ್ರತಿ ಕೆಲಸಕ್ಕೂ ಅದರ ಎಷ್ಟು ಪಟ್ಟು ಎಂದು ಪಟ್ಟಿ ಮಾಡಿದ್ದಾರೆ. 1993ರಲ್ಲಿ ಮೊದಲ ಪಟ್ಟಿ ಬಂತು, 2024ರಲ್ಲಿ ಹೊಸದು. ಜೋರು ನಡಿಗೆ, ಕಸ ಗುಡಿಸುವುದು, ಅಡುಗೆ ಎಲ್ಲಕ್ಕೂ ಅದರಲ್ಲಿ ಅಂಕಿ ಇದೆ. ತೊಂದರೆ ಆ ಒಂದರಲ್ಲೇ ಇದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಏಳುನೂರಕ್ಕೂ ಹೆಚ್ಚು ಜನರನ್ನು ಅಳೆದಾಗ ಕೂತಾಗಿನ ಆಮ್ಲಜನಕದ ಬಳಕೆ ನಡಿಗೆಯ ಸೂತ್ರದಲ್ಲಿ ಕಂಡ ಆ 3.5 ಬರಲಿಲ್ಲ, ಸರಾಸರಿ 2.6ರ ಹತ್ತಿರ ಬಂತು. ಹಾಗಾಗಿ ಮನೆಗೆಲಸಕ್ಕೆ, ನಿಧಾನದ ಯೋಗಕ್ಕೆ ಆ್ಯಪು ಕೊಡುವ ದೊಡ್ಡ ದೊಡ್ಡ ಅಂಕಿಗಳನ್ನು ಸ್ವಲ್ಪ ಇಳಿಸಿಯೇ ಓದಬೇಕು.

ಇನ್ನು ಬೆವರು. ಮುಂಬೈಯ ಸೆಖೆಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ, ಬನಿಯನ್ ಹಿಂಡುವಷ್ಟು ಬೆವರು ಬರುತ್ತದೆ. ಅದು ನೀರು. ಒಂದು ಕೆ.ಜಿ. ಇಳಿದದ್ದು ಎರಡು ಲೋಟ ನೀರು, ಒಂದು ಎಳನೀರು ಕುಡಿದರೆ ಬಹುಪಾಲು ವಾಪಸ್.

ದೋಸೆಯ ಲೆಕ್ಕ

ವ್ಯಾಯಾಮದ ಕ್ಯಾಲರಿಯನ್ನು ತಿಂಡಿಯಲ್ಲಿ ವಸೂಲಿ ಮಾಡುವವರಿಗೆ ಮಾತ್ರ ಈ ತಪ್ಪು ದುಬಾರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇದೆ. ಅಕ್ಕ ಅರ್ಧ ಗಂಟೆ ನಡೆದು ಗಳಿಸಿದ 80, ದೋಸೆಯ ಸುತ್ತ ಬಿಡುವ ಆ ಒಂದು ಚಮಚಕ್ಕೇ ಸಾಲುವುದಿಲ್ಲ. ಹಿಟ್ಟು, ಪಲ್ಯ, ಚಟ್ನಿ ಇನ್ನೂ ಬಾಕಿ. ಶೆಟ್ರ ನಾನೂರರಲ್ಲಿ 42 ಪರ್ಸೆಂಟಿನ ಉಬ್ಬರ ಇದೆ ಎಂದುಕೊಂಡರೆ ಒಳಗಿರುವುದು 280ರ ಆಸುಪಾಸು. ಕೂತಾಗಿನ ಖರ್ಚು ಕಳೆದರೆ ಇನ್ನೂ ಇಳಿಯುತ್ತದೆ. ತೂಕ ಇಳಿಸಲೆಂದೇ ಬರುವವರಾದರೆ ಪರದೆಯ ಅಂಕಿಯ ಅರ್ಧವನ್ನು ಮಾತ್ರ ನಿಮ್ಮದೆಂದು ಹಿಡಿಯಿರಿ. ಟ್ರೆಡ್‌ಮಿಲ್, ಕ್ರಾಸ್ ಟ್ರೈನರ್ ಎರಡಕ್ಕೂ ಇದು ಕ್ಷೇಮ. ವ್ಯಾಟ್ ಸೈಕಲ್ಲಿಗೆ ಮುಕ್ಕಾಲು ಹಿಡಿಯಬಹುದು. ಇದು ವಿಜ್ಞಾನ ಹೇಳಿದ ನಿಯಮವಲ್ಲ, ನನ್ನ ಜಿಪುಣತನ. ದೋಸೆಯನ್ನು ಮಾತ್ರ ಬಿಡಬೇಡಿ. ಅದನ್ನು ದೋಸೆಗಾಗಿಯೇ ತಿನ್ನಿ, ಮಷಿನ್ನಿನ ಅನುಮತಿ ಯಾಕೆ?

ಸೊಸೈಟಿಗೆ ಹೊಸದು ತರುವುದಾದರೆ

ನಮ್ಮ ಕಮಿಟಿಯಲ್ಲಿ ಈಗ ಇದೇ ಮಾತು ನಡೆಯುತ್ತಿದೆ. ಹಳೆಯ ಸೈಕಲ್ ತೆಗೆದು ಏನು ತರುವುದು? ನನ್ನ ಓಟು ವ್ಯಾಟ್ ತೋರಿಸುವ ಸೈಕಲ್ಲಿಗೆ. ಜಾಗ ಕಡಿಮೆ ಸಾಕು, ಬೀಳುವ ಭಯವಿಲ್ಲ, ಹಿರಿಯರೂ ಹತ್ತಬಹುದು, ಲೆಕ್ಕವೂ ಸರಿ. ಟ್ರೆಡ್‌ಮಿಲ್ ಇರಲಿ, ಮಳೆಗಾಲದಲ್ಲಿ ನಡೆಯುವವರಿಗೆ ಅದು ಬೇಕೇ ಬೇಕು. ಕ್ರಾಸ್ ಟ್ರೈನರನ್ನು ಎರಡನೆಯದು ತರುವ ಮಾತು ಬಂದರೆ ನಾನು ಬೇಡ ಎನ್ನುತ್ತೇನೆ. ಶೆಟ್ರು ಬೇಕು ಎನ್ನುತ್ತಾರೆ, ಅದೂ ಗೊತ್ತು. ಅಕ್ಕನಿಗೆ ಟ್ರೆಡ್‌ಮಿಲ್ಲೇ ಇಷ್ಟ. ದಿನಾ ಬರುವವರು ಅವರೇ ಆದ್ದರಿಂದ ಅವರ ಮಾತಿಗೆ ನನ್ನದಕ್ಕಿಂತ ತೂಕ ಜಾಸ್ತಿ.

ಡೀಲರ್ ಡೆಮೊ ತೋರಿಸಲು ಕರೆದಾಗ ಪರದೆಯ ಸಿನಿಮಾ, ಬ್ಲೂಟೂತ್ ಹಾಡು ನೋಡಿ ಮರುಳಾಗದೆ ಕೆಲವು ವಿಷಯ ಕೇಳಿ. ವ್ಯಾಟ್ ಅಳೆಯುತ್ತದಾ, ಇಲ್ಲ ಗುಬುಟು ಎಲ್ಲಿದೆ ನೋಡಿ ಊಹಿಸುತ್ತದಾ? ಬಿಗಿ ಜಾಸ್ತಿ ಮಾಡಿ ಅವರೆದುರೇ ತುಳಿದು ನೋಡಿ, ಕ್ಯಾಲರಿ ಏರುವ ವೇಗ ಬದಲಾಗಬೇಕು. ಪ್ರತಿ ಸಲ ತೂಕ ಕೇಳುತ್ತದಾ, ಕೆ.ಜಿ.ಯಲ್ಲೋ ಪೌಂಡಿನಲ್ಲೋ? ಪೌಂಡಿಗೆ ಇಟ್ಟ ಮಷಿನ್ನಿಗೆ 58 ಎಂದು ಒತ್ತಿದರೆ ಅದು 26 ಕೆ.ಜಿ.ಯ ಮಗುವಿನ ಲೆಕ್ಕ ಕೊಡುತ್ತದೆ. ಸರ್ವಿಸಿಗೆ ಬರುವವರು ಬರೀ ಎಣ್ಣೆ ಹಾಕಿ ಹೋಗುತ್ತಾರಾ, ವೇಗ ಮತ್ತು ಬಿಗಿಯನ್ನೂ ಸರಿ ಮಾಡುತ್ತಾರಾ? ಟ್ರೆಡ್‌ಮಿಲ್ಲೇ ತೆಗೆದುಕೊಳ್ಳುವುದಾದರೆ ಬೆಲ್ಟಿನ ಉದ್ದ ಎಷ್ಟೆಂದು ಅಲ್ಲೇ ಕೇಳಿ, ವಾರಂಟಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಆಮೇಲೆ ಟೇಪ್ ಹಿಡಿದು ಮಷಿನ್ ಪಕ್ಕ ಅಡ್ಡ ಮಲಗಿ ಅಳೆಯುವ ಕೆಲಸ ತಪ್ಪುತ್ತದೆ.